ಲೀಡ್ಸ್‌ನಲ್ಲಿ ಕನ್ನಡ ಕೇಳಿಸಿದರೆ

ಇಂಗ್ಲೆಂಡಿನ ಲೀಡ್ಸ್‌ಗೆ ಬಂದ ಮೇಲೆ ನಾನೊಂದು ನಿಯಮ ಮಾಡಿಕೊಂಡಿದ್ದೆ. ಬೀದಿಯಲ್ಲಿ ಇಂಗ್ಲಿಷ್ ಕೇಳಿಸಿದರೆ ಯಾರೋ ಮಾತಾಡುತ್ತಿದ್ದಾರೆ. ಕನ್ನಡ ಕೇಳಿಸಿದರೆ ಅದು ನನ್ನ ತಲೆಯೊಳಗಿನದು. ತಿರುಗಿ ನೋಡಬಾರದು.

ನನಗೆ ಸ್ಕಿಜೋಫ್ರೇನಿಯಾ ಇದೆ. ನಮ್ಮ ಮನೆಯಲ್ಲಿ ಮಾತ್ರ ಅದರ ಹೆಸರು ಟೈಫಾಯಿಡ್. 2022ರಲ್ಲಿ ಓದು ಅರ್ಧಕ್ಕೆ ಬಿಟ್ಟು ದಾವಣಗೆರೆಗೆ ವಾಪಸ್ ಬಂದಾಗ ಅಪ್ಪ ನೆಂಟರಿಗೆಲ್ಲ ಹೇಳಿದ್ದು ಅದನ್ನೇ. ಒಂದೂವರೆ ವರ್ಷದ ಟೈಫಾಯಿಡ್! ಯಾರೂ ಮರುಪ್ರಶ್ನೆ ಹಾಕಲಿಲ್ಲ. ಹಾಕಲಿಲ್ಲ ಅಂದರೆ ಎಲ್ಲರಿಗೂ ಗೊತ್ತಿತ್ತು ಅಂತಲೇ ಅರ್ಥ, ಅಲ್ವಾ?

ಈಗ ನಾನು ಕೆಲಸದಲ್ಲಿದ್ದೇನೆ ಎಂದು ತಿಳಿದ ಮೇಲೆ ಅಮ್ಮನ ಪರಿಚಯದವರೊಬ್ಬರು ರಾತ್ರಿ ಹನ್ನೊಂದಕ್ಕೆ, ದನಿ ತಗ್ಗಿಸಿಕೊಂಡು ಫೋನ್ ಮಾಡಿದ್ದರು. "ನಮ್ಮ ಹುಡುಗನಿಗೂ ಅದೇ ಕಣಮ್ಮ. ಓದೋಕಾಗುತ್ತಾ? ಕೆಲಸ ಕೊಡ್ತಾರಾ?" ಅವರಿಗೆ ಅವತ್ತು ಪೂರ್ತಿ ಹೇಳಲಾಗಲಿಲ್ಲ. ಅದಕ್ಕೇ ಇದು.

ಮೊದಲು ಆ ಧ್ವನಿಯ ವಿಷಯ. ಅದು ಒಬ್ಬ ಹೆಂಗಸಿನದು, ನಮ್ಮ ಸೋದರತ್ತೆಯ ವಯಸ್ಸು. "ಏಳೇ, ಮುಸುರೆ ಹಂಗೇ ಬಿದ್ದೈತೆ" ಎನ್ನುತ್ತದೆ. ಪಾತ್ರೆ ತೊಳೆದಿಟ್ಟು ಬಂದಿದ್ದರೂ ಹಾಗೇ. ಒಳ್ಳೆಯ ದಿನಗಳಲ್ಲಿ ಇಷ್ಟೇ. ಕೆಟ್ಟ ದಿನಗಳಲ್ಲಿ "ಇವರಿಗೆಲ್ಲ ನಿನ್ನ ವಿಷಯ ಗೊತ್ತಾಗೈತೆ" ಎಂದು ಶುರು ಮಾಡುತ್ತದೆ. ಇಲ್ಲಿನ ನರ್ಸ್‌ಗೆ ಇದನ್ನು ಹೇಳಿದಾಗ ಆಕೆ ಅಚ್ಚರಿಪಡಲಿಲ್ಲ. ಸ್ಟ್ಯಾನ್‌ಫರ್ಡ್‌ನ ತಾನ್ಯಾ ಲೂರ್ಮನ್ ಎಂಬ ಮಾನವಶಾಸ್ತ್ರಜ್ಞೆ ಕ್ಯಾಲಿಫೋರ್ನಿಯಾ, ಘಾನಾದ ಅಕ್ರಾ ಮತ್ತು ನಮ್ಮ ಚೆನ್ನೈ, ಮೂರೂ ಕಡೆ ಹೀಗೆ ದನಿ ಕೇಳಿಸುವ 20-20 ಜನರನ್ನು ಮಾತಾಡಿಸಿದ್ದಾರಂತೆ. ಅಮೆರಿಕದವರಿಗೆ ಕೇಳಿಸಿದ್ದು ಹೆಚ್ಚಾಗಿ ಹೊಡಿ-ಬಡಿ ಮಾತು. ಚೆನ್ನೈಯವರಲ್ಲಿ ಬಹಳ ಜನಕ್ಕೆ ಮನೆಯವರ ದನಿ. ಅಡುಗೆ ಮಾಡು, ಸ್ನಾನ ಮಾಡು ಎಂದು ಹೇಳುವುದು. ಕೇಳಿ ನಕ್ಕುಬಿಟ್ಟೆ. ನಮ್ಮ ಭ್ರಮೆಗಳಿಗೂ ಮನೆಗೆಲಸ ಬಿಟ್ಟರೆ ಬೇರೆ ಯೋಚನೆ ಇಲ್ಲ.

ನಾನು ಬಂದಿದ್ದು 2021ರ ಸೆಪ್ಟೆಂಬರ್‌ನಲ್ಲಿ, ಸಂಖ್ಯಾಶಾಸ್ತ್ರದಲ್ಲಿ ಎಂಎಸ್ಸಿ ಮಾಡಲು. ಫೆಬ್ರವರಿ ಹೊತ್ತಿಗೆ ಅಸೈನ್‌ಮೆಂಟಿನ ಅಂಕಿಗಳೆಲ್ಲ ನನಗೇ ಏನೋ ಹೇಳುತ್ತಿವೆ ಎನ್ನಿಸತೊಡಗಿತು. 0.043 ಬಂದರೆ ಅದು ಬರೀ 0.043 ಅಲ್ಲ, ಯಾರೋ ಕಳಿಸಿದ ಸುದ್ದಿ. ಒಲೆಯ ಹತ್ತಿರ ಹೋಗುವುದು ಬಿಟ್ಟೆ. ಮೂರು ವಾರ ಪ್ಯಾಕೆಟ್ ಬ್ರೆಡ್ಡಿನಲ್ಲೇ ಕಳೆದೆ. ಕೊನೆಗೆ ಪಕ್ಕದ ರೂಮಿನ ಹುಡುಗಿ ಯಾರಿಗೋ ಹೇಳಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಕಾಯಿಲೆಗಿಂತ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ವೀಸಾ. ಇದನ್ನು ಇಲ್ಲಿಗೆ ಬರುವವರಿಗೆ ಯಾವ ಏಜೆಂಟೂ ಹೇಳುವುದಿಲ್ಲ. ಸ್ಟೂಡೆಂಟ್ ವೀಸಾದವರು ಓದಿಗೆ ದೊಡ್ಡ ವಿರಾಮ ತೆಗೆದುಕೊಂಡರೆ ಯೂನಿವರ್ಸಿಟಿ ಅದನ್ನು ಸರ್ಕಾರಕ್ಕೆ ತಿಳಿಸಲೇಬೇಕು. ಆಮೇಲೆ ವೀಸಾ ಮೊಟಕಾಗುತ್ತದೆ, ಸಾಮಾನ್ಯವಾಗಿ ಹೊರಡಲು 60 ದಿನ ಸಿಗುತ್ತದೆ. ಇಲ್ಲಿನ ಮಕ್ಕಳು ಒಂದು ವರ್ಷ ಬಿಡುವು ತೆಗೆದುಕೊಂಡು ಅಪ್ಪನ ಮನೆಗೆ ಹೋಗಿ ಮಲಗಬಹುದು. ನಮಗೆ ಬಿಡುವು ಅಂದರೆ ಗಂಟುಮೂಟೆ. ಎಲ್ಲರೂ ನನ್ನ ಬೆನ್ನು ಹತ್ತಿದ್ದಾರೆ ಎಂದು ನಂಬಿ ಕೂತಿದ್ದ ಹೊತ್ತಿಗೇ "ನೀವು ದೇಶ ಬಿಡಬೇಕು" ಎಂಬ ಮೇಲ್ ಬಂತು. ಅದು ನಿಜವಾದ ಮೇಲೋ, ತಲೆಯೊಳಗಿನದೋ ಎಂದು ಪಕ್ಕದ ರೂಮಿನವಳಿಗೆ ಎರಡು ಸಲ ಓದಿಸಿದೆ.

ಊರಲ್ಲಿ ಓಲಾಂಜಪಿನ್ ಎಂಬ ಮಾತ್ರೆ ಶುರುವಾಯಿತು. ಜೊತೆಗೆ ಅಮ್ಮನ ಹರಕೆ, ಯಂತ್ರದ ದಾರ. ನಾನು ಎರಡಕ್ಕೂ ಬೇಡ ಅನ್ನಲಿಲ್ಲ. ಮಾತ್ರೆ ಕೆಲಸ ಮಾಡಿತು, ಆದರೆ ಸುಮ್ನೆ ಮಾಡಲಿಲ್ಲ. ಒಂಬತ್ತು ಕೆಜಿ ದಪ್ಪಗಾದೆ. ಬೆಳಗ್ಗೆ ಹತ್ತರವರೆಗೂ ಕಣ್ಣು ಬಿಡಲಾಗುತ್ತಿರಲಿಲ್ಲ. "ಹೆಣ್ಣು ಹುಡುಗಿ ಇಷ್ಟೊತ್ತು ಮಲಗೋದಾ" ಎಂದು ಅಜ್ಜಿ ದಿನಾ ಗೊಣಗುತ್ತಿದ್ದರು. ಅದು ಸೋಮಾರಿತನ ಅಲ್ಲ, ರಾತ್ರಿಯ ಮಾತ್ರೆಯ ಮಂಪರು ಎಂದು ಅವರಿಗೆ ಹೇಳುವಷ್ಟು ಎಚ್ಚರವೂ ನನಗೆ ಇರುತ್ತಿರಲಿಲ್ಲ.

ಅಂಗವೈಕಲ್ಯದ ಕಾರ್ಡ್ ಮಾಡಿಸುವ ಮಾತು ಬಂದಿದ್ದೂ ಆಗಲೇ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಶೇ. 40ಕ್ಕಿಂತ ಕಡಿಮೆಯಿಲ್ಲ ಎಂದು ಸರ್ಟಿಫಿಕೇಟ್ ಸಿಕ್ಕರೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇ. 5 ಸೀಟು, ಸರ್ಕಾರಿ ಕೆಲಸಗಳಲ್ಲಿ ಶೇ. 4 ಮೀಸಲು. ಆ ನಾಲ್ಕರಲ್ಲಿ ನಮ್ಮ ಪಾಲು ಒಂದು, ಅದನ್ನೂ ಆಟಿಸಂ ಮುಂತಾದವರ ಜೊತೆ ಹಂಚಿಕೊಳ್ಳಬೇಕು. ಅಪ್ಪ ಒಪ್ಪಲಿಲ್ಲ. "ಕಾರ್ಡ್ ಮಾಡಿಸಿದರೆ ಮದುವೆ?" ಎಂದರು. ನಾನೂ ಜಗಳ ಆಡಲಿಲ್ಲ. ಈಗ ಆಡಬೇಕಿತ್ತು ಅನ್ನಿಸುತ್ತದೆ.

2023ರ ಸೆಪ್ಟೆಂಬರ್‌ನಲ್ಲಿ ಹೊಸ ವೀಸಾದ ಮೇಲೆ ಮತ್ತೆ ಬಂದೆ. ಈ ಸಲ ಮೊದಲ ವಾರವೇ ಹೇಳಿಬಿಟ್ಟೆ. ಡಿಸೆಬಿಲಿಟಿ ವಿಭಾಗದಲ್ಲಿ ಕೂತಿದ್ದವರು ಫಾರಂ ಮುಂದಿಟ್ಟು ಕೇಳಿದ ಮೊದಲ ಪ್ರಶ್ನೆ, "ದಿನದ ಯಾವ ಹೊತ್ತು ನಿನಗೆ ಕಷ್ಟ?" ಒಂದೂವರೆ ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಪರೀಕ್ಷೆಯಲ್ಲಿ ಗಂಟೆಗೆ 15 ನಿಮಿಷ ಹೆಚ್ಚು, ಪರೀಕ್ಷೆಯೆಲ್ಲ ಮಧ್ಯಾಹ್ನ, ಪಾಠದ ರೆಕಾರ್ಡಿಂಗ್. ಇಷ್ಟೇ ನನಗೆ ಸಿಕ್ಕಿದ್ದು. ಇಲ್ಲಿನ ಮಕ್ಕಳಿಗೆ ಸರ್ಕಾರ ಕೊಡುವ ವಿಶೇಷ ಭತ್ಯೆ ಹೊರದೇಶದವರಿಗೆ ಇಲ್ಲ. ಪರವಾಗಿಲ್ಲ. ಬೆಳಗ್ಗೆ ಒಂಬತ್ತರ ಪರೀಕ್ಷೆ ತಪ್ಪಿದ್ದೇ ನನಗೆ ಅರ್ಧ ಡಿಗ್ರಿ.

ಧೈರ್ಯ ತುಂಬಲು ಒಬ್ಬರು ಎಲಿನ್ ಸ್ಯಾಕ್ಸ್ ಕಥೆ ಹೇಳಿದರು. ಅವರಿಗೂ ಇದೇ ಕಾಯಿಲೆ, ಆಕ್ಸ್‌ಫರ್ಡ್‌ನಲ್ಲಿ ಓದುವಾಗಲೇ ಆಸ್ಪತ್ರೆ ಸೇರಿದ್ದರು, ಆಮೇಲೆ ಕಾನೂನು ಪ್ರೊಫೆಸರ್ ಆಗಿ 2009ರಲ್ಲಿ ಮ್ಯಾಕಾರ್ಥರ್ ಫೆಲೋಶಿಪ್ ಪಡೆದರು. ದೊಡ್ಡವರು, ಕೈ ಮುಗಿಯುತ್ತೇನೆ. ಆದರೆ ನಿಜ ಹೇಳಲಾ? ಇಂಥ ಕಥೆ ಕೇಳಿದರೆ ಸ್ವಲ್ಪ ಸಿಟ್ಟೂ ಬರುತ್ತದೆ. ಆಗ ನನ್ನ ಗುರಿ ಹತ್ತೂವರೆಯ ಬಸ್ ಹತ್ತುವುದು.

ಕೆಲಸದ ವಿಷಯದಲ್ಲಿ ನನಗೆ ನಿಜಕ್ಕೂ ನೆರವಾದದ್ದು ಇಲ್ಲಿನ ಒಂದು ಪದ್ಧತಿ. ಐಪಿಎಸ್ ಎನ್ನುತ್ತಾರೆ (ಪೊಲೀಸ್ ಅಲ್ಲ! ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್). 1990ರ ದಶಕದಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಶುರುವಾದದ್ದು. ನಮ್ಮ ಕಡೆ ಏನು ಹೇಳುತ್ತಾರೆ? ಮೊದಲು ಪೂರ್ತಿ ವಾಸಿಯಾಗಲಿ, ಆಮೇಲೆ ಮೇಣದಬತ್ತಿಯೋ ಲಕೋಟೆಯೋ ಮಾಡಲು ಕಲಿಯಲಿ, ಆಮೇಲೆ ನೋಡೋಣ. ಇವರದು ಉಲ್ಟಾ. ನಿನಗೆ ಕೆಲಸ ಬೇಕು ಅನ್ನಿಸಿದೆಯಾ, ಅಷ್ಟು ಸಾಕು. ನಿನಗಿಷ್ಟದ ಕೆಲಸವನ್ನೇ, ಸಂಬಳದ ಕೆಲಸವನ್ನೇ ಈಗಲೇ ಹುಡುಕೋಣ, ಸಿಕ್ಕ ಮೇಲೆ ಜೊತೆಗಿರುತ್ತೇವೆ. ಚಿಕಿತ್ಸೆಯ ತಂಡದಲ್ಲೇ ಇದಕ್ಕೆಂದು ಒಬ್ಬರಿರುತ್ತಾರೆ. ನನ್ನ ಜೊತೆ ಇದ್ದವರು ಐವತ್ತರ ಆಸುಪಾಸಿನ ಯಾರ್ಕ್‌ಶೈರ್ ಹೆಂಗಸು. ಮಾತಿಗೊಮ್ಮೆ "ಲವ್" ಎನ್ನುತ್ತಿದ್ದರು, ನಮ್ಮಲ್ಲಿ "ತಾಯಿ" ಅನ್ನುವ ಹಾಗೆ.

ಮೊದಲು ವಾರಕ್ಕೆ ಹನ್ನೆರಡು ಗಂಟೆಯ ಅಂಗಡಿ ಕೆಲಸ. ಸ್ಟೂಡೆಂಟ್ ವೀಸಾಕ್ಕೆ 20 ಗಂಟೆಯ ಮಿತಿ ಇದೆ. ಅಲ್ಲಿನ ಸೂಪರ್‌ವೈಸರ್ ನನ್ನ ಚೀಲದಲ್ಲಿ ಮಾತ್ರೆ ನೋಡಿದ ಮೇಲೆ ಶಿಫ್ಟುಗಳು ಕಡಿಮೆಯಾಗುತ್ತಾ ಹೋದವು. ಕಾರಣ ಯಾರೂ ಹೇಳಲಿಲ್ಲ. ಟೈಫಾಯಿಡ್ ಇಲ್ಲೂ ಇದೆ.

ಓದು ಮುಗಿದ ಮೇಲೆ ಡೇಟಾ ಕೆಲಸಗಳಿಗೆ ಅರ್ಜಿ ಹಾಕಿದೆ. ಓದಿನ ನಡುವಿನ ಒಂದೂವರೆ ವರ್ಷದ ಖಾಲಿ ಜಾಗದ ಬಗ್ಗೆ ಏನು ಹೇಳುವುದು? ಆಗ ಆ ಯಾರ್ಕ್‌ಶೈರ್ ಹೆಂಗಸು ಇಲ್ಲಿನ 2010ರ ಸಮಾನತಾ ಕಾಯ್ದೆಯ 60ನೇ ಸೆಕ್ಷನ್ ತೋರಿಸಿದರು. ಕೆಲಸ ಕೊಡುತ್ತೇವೆ ಎಂದು ಹೇಳುವ ಮುಂಚೆ, ಕೆಲವು ವಿನಾಯಿತಿ ಬಿಟ್ಟರೆ, ನಿಮ್ಮ ಆರೋಗ್ಯದ ಬಗ್ಗೆ ಕೇಳುವಂತಿಲ್ಲ. ಹಾಗಾಗಿ ಆಫರ್ ಕೈಗೆ ಬಂದ ಮೇಲೆ ಹೇಳಿದೆ. ಮ್ಯಾನೇಜರ್ ಹದಿನೈದು ಸೆಕೆಂಡ್ ಸುಮ್ಮನಿದ್ದರು. ನಾನು ಎಣಿಸಿದೆ. ಆಮೇಲೆ "ಸರಿ, ಏನು ಬೇಕು?" ಎಂದರು. ಹತ್ತೂವರೆಗೆ ಬರುತ್ತೇನೆ, ಬೆನ್ನಿಗೆ ಗೋಡೆ ಇರುವ ಜಾಗ ಕೊಡಿ, ಬಾಯಲ್ಲಿ ಹೇಳಿದ್ದನ್ನು ಮೇಲ್‌ನಲ್ಲೂ ಕಳಿಸಿ ಎಂದೆ. ಮೂರೂ ಸಿಕ್ಕವು. ಕೆಟ್ಟ ದಿನಗಳು ಈಗಲೂ ಬರುತ್ತವೆ. ಮೀಟಿಂಗ್ ನಡುವೆ ತಲೆಯೊಳಗಿನ ಅತ್ತೆ ಶುರು ಮಾಡಿದರೆ ಫೋನಿನಲ್ಲಿ ರೆಕಾರ್ಡ್ ಒತ್ತಿ, ಆಮೇಲೆ ಟಾಯ್ಲೆಟ್ಟಿನಲ್ಲಿ ಕೇಳುತ್ತೇನೆ. ಫೋನಿಗೆ ಕೇಳಿಸದ್ದು ನನಗೂ ಕೇಳಿಸಿಲ್ಲ ಅಂತ ಲೆಕ್ಕ.

ಹೋದ ತಿಂಗಳು ಕರ್ಕ್‌ಗೇಟ್ ಮಾರ್ಕೆಟ್‌ನಲ್ಲಿ ತರಕಾರಿ ಆರಿಸುತ್ತಿದ್ದೆ. ಬೆನ್ನ ಹಿಂದೆ ಒಂದು ದನಿ, "ಇಷ್ಟು ಕೊತ್ತಂಬ್ರಿಗೆ ಇಷ್ಟು ದುಡ್ಡಾ!" ಅದೇ ವಯಸ್ಸು, ಅದೇ ರಾಗ. ತಿರುಗಲಿಲ್ಲ. ಬೆಂಡೆಕಾಯಿ ತುದಿ ಮುರಿಯುತ್ತಾ ನಿಂತೆ. ದನಿ ಹತ್ತಿರ ಬಂತು, "ಬೆಂಡೆ ಎಳೇದೈತಾ ಇಲ್ಲಿ?" ಮೆಲ್ಲಗೆ ಫೋನ್ ತೆಗೆದು ರೆಕಾರ್ಡ್ ಒತ್ತಿ, ಕಿವಿಗಿಟ್ಟುಕೊಂಡು ಕೇಳಿದೆ. ಅದರಲ್ಲೂ ಬಂತು: "ಎಳೇದೈತಾ ಇಲ್ಲಿ?"

ತಿರುಗಿದೆ. ಸ್ವೆಟರ್ ಮೇಲೆ ಸೀರೆ ಸೆರಗು, ಕೈಯಲ್ಲಿ ಚೀಲ.

"ಕನ್ನಡದೋರಾ ಆಂಟಿ?"

"ಅಯ್ಯೋ! ಹೌದವ್ವ, ಹರಿಹರ. ನಿಂದು?"

"ದಾವಣಗೆರೆ."

ಮಗನ ಮನೆಗೆ ಬಂದು ನಾಲ್ಕು ತಿಂಗಳಾಯಿತಂತೆ, ಮಾತಾಡಲು ಜನ ಇಲ್ಲವಂತೆ. ನಡುವೆ ಕೇಳಿದರು, "ನಾನು ಅಷ್ಟು ಮಾತಾಡ್ತಿದ್ರೂ ತಿರುಗ್ಲಿಲ್ಲಲ್ಲೇ ನೀನು?"

"ಫೋನಲ್ಲಿದ್ದೆ ಆಂಟಿ" ಎಂದೆ.

ನಂಬರ್ ಕೊಟ್ಟಿದ್ದಾರೆ. ಇನ್ನೂ ಮಾಡಿಲ್ಲ. ಈ ಭಾನುವಾರ ಮಾಡಬೇಕು.