ಉಗಾಂಡದಲ್ಲಿ ಬಟ್ವಾ ಜನರ ಜೊತೆ ಕಾಡು ನಡಿಗೆ: ಹೋಗುವವರಿಗೆ ಒಂದಿಷ್ಟು ಮಾಹಿತಿ

ಗೊರಿಲ್ಲಾ ನೋಡಲು ಉಗಾಂಡಕ್ಕೆ ಹೊರಟಿದ್ದರೆ ಇನ್ನೊಂದು ದಿನ ಜಾಸ್ತಿ ಇಟ್ಟುಕೊಳ್ಳಿ. ಮ್ಗಹಿಂಗಾ ರಾಷ್ಟ್ರೀಯ ಉದ್ಯಾನದ 'ಬಟ್ವಾ ಟ್ರೇಲ್' ನಡೆದು ಬನ್ನಿ. ಆದರೆ ಬಟ್ವಾ ಹೆಸರಲ್ಲಿ ತೋರಿಸುವುದೆಲ್ಲ ಒಂದೇ ಥರ ಇರುವುದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಟ್ವಾಗಳು ಈ ಕಾಡಿನ ಮೂಲ ಜನ. ಬೇಟೆ, ಜೇನು, ಗೆಡ್ಡೆಗೆಣಸು ಇವರ ಬದುಕಾಗಿತ್ತು. 1991ರಲ್ಲಿ ಬ್ವಿಂಡಿ ಮತ್ತು ಮ್ಗಹಿಂಗಾ ಕಾಡುಗಳನ್ನು ರಾಷ್ಟ್ರೀಯ ಉದ್ಯಾನ ಮಾಡಿ, ಗೊರಿಲ್ಲಾ ಉಳಿಸುವ ಹೆಸರಲ್ಲಿ ಇವರನ್ನು ಹೊರಗೆ ಹಾಕಿದರು. ಜಮೀನಿನ ಕಾಗದ ಇಲ್ಲದ ಕಾರಣ ಹೆಚ್ಚಿನವರಿಗೆ ಪರಿಹಾರವೂ ಸಿಗಲಿಲ್ಲ. ಇವರಿಗೆ ನ್ಯಾಯವಾದ ಪರಿಹಾರ ಸಿಗಬೇಕು ಎಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಹೇಳಿದ್ದು 2021ರಲ್ಲಿ. ನಾಗರಹೊಳೆಯ ಹಾಡಿಗಳಿಂದ ಹೊರಬಿದ್ದ ಜೇನುಕುರುಬರ ಪಾಡು ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

2011ರಲ್ಲಿ ಶುರುವಾದ ಈ ಟ್ರೇಲ್‌ನಲ್ಲಿ ದಾರಿ ತೋರಿಸುವವರು ಬಟ್ವಾಗಳೇ. ಕಟ್ಟುವ ಹಣದಲ್ಲಿ ಒಂದು ಪಾಲು ಅವರ ಸಮುದಾಯಕ್ಕೆ ಹೋಗುತ್ತದೆ. ಅದಕ್ಕಿಂತ ಮುಖ್ಯ ಅಂದರೆ, ಹೊರಗೆ ಹಾಕಿಸಿಕೊಂಡ ಅದೇ ಕಾಡಿನೊಳಗೆ ಅವರು ಮತ್ತೆ ಕಾಲಿಡುತ್ತಾರೆ. ಕೆಲವು ಕಡೆ ಪಾರ್ಕಿನ ಹೊರಗೆ, ವ್ಯಾನ್ ಬಂತು ಅಂದರೆ ಚರ್ಮ ಸುತ್ತಿಕೊಂಡು ಕುಣಿಯುವ ಅರ್ಧ ಗಂಟೆಯ ಕಾರ್ಯಕ್ರಮ ಇರುತ್ತದೆ. ಅದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಬುಕ್ ಮಾಡುವಾಗ ಏಜೆಂಟರನ್ನು ನೇರವಾಗಿ ಕೇಳಿ: ಗೈಡ್ ಯಾರು, ಬಟ್ವಾಗಳ ಕೈಗೆ ಎಷ್ಟು ಹೋಗುತ್ತದೆ, ಕಾಡಿನೊಳಗೆ ಹೋಗುತ್ತೇವಾ? ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ.

ನಡಿಗೆ ನಿಧಾನದ್ದು, ಅರ್ಧ ದಿನ ಬೇಕು. ಒಂದು ಗಿಡದ ಎಲೆ ಕಿತ್ತು ಉಜ್ಜಿ ಮೂಗಿಗೆ ಹಿಡಿಯುತ್ತಾರೆ, ಇದು ಹೊಟ್ಟೆನೋವಿಗೆ ಅನ್ನುತ್ತಾರೆ. ನನಗೆ ಕಣ್ಣಿಗೆ ಕಟ್ಟಿದ ಹಾಗಿರುವುದು ಬೆಂಕಿ ಮಾಡಿದ್ದು. ಒಬ್ಬರು ಚಪ್ಪಟೆ ಕಡ್ಡಿಯನ್ನು ಕಾಲಲ್ಲಿ ಒತ್ತಿ ಹಿಡಿದು, ಇನ್ನೊಂದನ್ನು ಅದರ ಮೇಲೆ ನೆಟ್ಟಗೆ ನಿಲ್ಲಿಸಿ ಎರಡೂ ಅಂಗೈ ನಡುವೆ ಕಡೆಯುತ್ತಾರೆ, ಕೈ ಕೆಳಗೆ ಜಾರಿದ ಕೂಡಲೇ ಎದುರಿಗಿರುವವರು ಮೇಲಿನಿಂದ ಹಿಡಿದು ಮುಂದುವರಿಸುತ್ತಾರೆ, ಕಡ್ಡಿ ಒಂದು ಕ್ಷಣವೂ ನಿಲ್ಲುವುದಿಲ್ಲ. ಹೊಗೆ ಬಂತು, ಹೊಗೆಯಾಡುವ ಪುಡಿಯನ್ನು ಒಣಹುಲ್ಲಿಗೆ ಸುರಿದು ಊದಿದರು, ಹತ್ತಿಕೊಂಡಿತು. ಕೊನೆಗೆ ಗರಾಮಾ ಗುಹೆ, ಲಾವಾ ಹರಿದು ಆದದ್ದು. ಹಿಂದೆ ಬಟ್ವಾ ರಾಜ ಇದ್ದ ಜಾಗ ಅನ್ನುತ್ತಾರೆ. ಒಳಗೆ ಕಗ್ಗತ್ತಲು. ಅಲ್ಲಿ ಹೆಂಗಸರು ಹಾಡುತ್ತಾರೆ. ಕಾಡು ಬಿಟ್ಟು ಬಂದ ನೋವಿನ ಹಾಡದು ಎಂದು ಗೈಡ್ ಹೇಳಿದ ಮೇಲೆ ಯಾರೂ ಮೊಬೈಲ್ ಎತ್ತಲಿಲ್ಲ. ನೀವೂ ಎತ್ತಬೇಡಿ.

ಹೋಗುವುದು ಹೇಗೆ? ಹತ್ತಿರದ ಊರು ಕಿಸೊರೊ, ಅಲ್ಲಿಂದ ಪಾರ್ಕಿಗೆ ಸುಮಾರು 14 ಕಿ.ಮೀ. ಉಗಾಂಡದ ವಿಮಾನ ನಿಲ್ದಾಣ ಇರುವ ಎಂಟೆಬೆಯಲ್ಲಿ ಇಳಿದರೆ ಪೂರ್ತಿ ಒಂದು ದಿನ ರಸ್ತೆಯಲ್ಲೇ. ರುವಾಂಡದ ಕಿಗಾಲಿಯಲ್ಲಿ ಇಳಿದು ಸಿಯಾನಿಕಾ ಗಡಿ ದಾಟಿದರೆ ತುಂಬಾ ಹತ್ತಿರ. ಎರಡೂ ದೇಶ ನೋಡುವುದಾದರೆ 100 ಡಾಲರ್‌ನ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಅನುಕೂಲ, ಅದರಲ್ಲಿ ಕೆನ್ಯಾವೂ ಸೇರುತ್ತದೆ. ಮೊದಲು ಇಳಿಯುವ ದೇಶದಿಂದಲೇ ಅದನ್ನು ಪಡೆಯಬೇಕು.

ಹಳದಿ ಜ್ವರದ ಲಸಿಕೆ ಕಡ್ಡಾಯ. ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ. ಕಾರ್ಡ್ ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಕ್ವಾರಂಟೈನ್‌ಗೆ ಕಳಿಸುತ್ತಾರೆ.

ಟ್ರೇಲ್ ಶುಲ್ಕ ವಿದೇಶಿಯರಿಗೆ ಸುಮಾರು 80 ಡಾಲರ್, ಹೋಗುವ ಮುಂಚೆ ಉಗಾಂಡ ವನ್ಯಜೀವಿ ಪ್ರಾಧಿಕಾರದ ಈಗಿನ ದರ ನೋಡಿಕೊಳ್ಳಿ. ಗೊರಿಲ್ಲಾ ಪರ್ಮಿಟ್‌ಗೆ 800 ಕೊಡುವವರಿಗೆ ಇದು ದೊಡ್ಡದಲ್ಲ. ಹಳೇ ಡಾಲರ್ ನೋಟು ತೆಗೆದುಕೊಳ್ಳುವುದಿಲ್ಲ, ಹೊಸದೇ ಒಯ್ಯಿರಿ. ಜೂನ್‌ನಿಂದ ಆಗಸ್ಟ್, ಇಲ್ಲವೇ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಆಗಲೂ ಮಳೆ ಬರಬಹುದು. 2,200 ಮೀಟರ್‌ಗಿಂತ ಎತ್ತರದ ಜಾಗ, ಬೆಳಿಗ್ಗೆ ಚಳಿ. ಸ್ವೆಟರ್, ಟಾರ್ಚ್, ಹಿಡಿತ ಇರುವ ಶೂ ಬೇಕೇ ಬೇಕು. ಸಸ್ಯಾಹಾರಿಗಳಿಗೆ ಚಪಾತಿ, ಬೀನ್ಸ್, ಆಲೂಗೆಡ್ಡೆ, ಬಾಳೆಕಾಯಿ ಬೇಯಿಸಿದ ಮಟೋಕೆ ಸಿಗುತ್ತದೆ, ಉಪವಾಸ ಬೀಳುವುದಿಲ್ಲ.

ಮಕ್ಕಳಿಗೆ ಚಾಕಲೇಟು, ದುಡ್ಡು ಹಂಚಬೇಡಿ. ಕೊಡಬೇಕು ಅನ್ನಿಸಿದರೆ ಅವರು ಹೆಣೆದ ಬುಟ್ಟಿ ಕೊಳ್ಳಿ, ಚೌಕಾಸಿ ಮಾಡಬೇಡಿ. ಫೋಟೋಗೆ ಮೊದಲು ಕೇಳಿ. ಬಟ್ವಾಗಳು ಸಾಮಾನ್ಯವಾಗಿ ಗಿಡ್ಡ, ಆದರೆ ಅವರ ಎತ್ತರದ ಬಗ್ಗೆ ಮಾತೇ ಬೇಡ. ಈಗ ಎಲ್ಲಿದ್ದೀರಿ, ಮಕ್ಕಳು ಶಾಲೆಗೆ ಹೋಗುತ್ತಾರಾ, ಜಮೀನು ಸಿಕ್ಕಿತಾ ಎಂದು ವಿಚಾರಿಸಿ. ಮಾತು ಗೈಡ್ ಮೂಲಕ ತರ್ಜುಮೆಯಾಗಿ ಬರಬೇಕು, ಅದಕ್ಕೆ ಅವತ್ತು ಮಧ್ಯಾಹ್ನಕ್ಕೆ ಬೇರೆ ಏನೂ ಇಟ್ಟುಕೊಳ್ಳಬೇಡಿ.