ಗಲಿಲಾಯಕ್ಕೆ ಹೋಗುವವರೇ, ಸರೋವರದ ದಂಡೆಗೆ ಎರಡು ದಿನ ಇಡಿ

ಪವಿತ್ರ ನಾಡಿನ ಪ್ಯಾಕೇಜ್ ಟೂರ್‌ಗಳಲ್ಲಿ ಜಾಸ್ತಿ ಸಮಯ ಜೆರುಸಲೇಮ್, ಬೆತ್ಲೆಹೇಮಿಗೇ ಹೋಗುತ್ತದೆ. ಇಸ್ರೇಲಿನ ಉತ್ತರದಲ್ಲಿರುವ ಗಲಿಲಾಯಕ್ಕೆ ಸಿಗುವುದು ಒಂದು ದಿನ. ಅದೂ ಇಳಿ, ಫೋಟೊ ತೆಗೆ, ಮತ್ತೆ ಬಸ್ ಹತ್ತು ಅನ್ನೋ ಹಾಗೆ. ಯೇಸು ಹುಟ್ಟಿದ್ದು, ಶಿಲುಬೆಗೇರಿದ್ದು ಆ ಕಡೆ, ನಿಜ. ಆದರೆ ಶಿಷ್ಯರನ್ನು ಕರೆದದ್ದು, ಬೋಧಿಸಿದ್ದು, ರೋಗಿಗಳನ್ನು ವಾಸಿಮಾಡಿದ್ದು ಬಹುಪಾಲು ಇಲ್ಲಿನ ಗಲಿಲಾಯ ಸರೋವರದ ಸುತ್ತಮುತ್ತಲೇ. ಇಲ್ಲಿಗೆ ಎರಡು ಪೂರ್ತಿ ದಿನ ಬೇಕು.

ಸರೋವರ ಸುಮಾರು 21 ಕಿ.ಮೀ. ಉದ್ದ, 13 ಕಿ.ಮೀ. ಅಗಲ. ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಹೆಚ್ಚು ಕೆಳಗಿರುವುದರಿಂದ ಬೇಸಿಗೆಯಲ್ಲಿ ಸೆಕೆ ವಿಪರೀತ. ಮಾರ್ಚ್ ಆಸುಪಾಸಿನಲ್ಲಿ ಹೋದರೆ ಗುಡ್ಡಗಳೆಲ್ಲ ಹಸಿರಾಗಿ, ಹೂ ಬಿಟ್ಟಿರುತ್ತವೆ. ಟಿಕೆಟ್ ಮಾಡುವ ಮೊದಲು ನಮ್ಮ ವಿದೇಶಾಂಗ ಇಲಾಖೆಯ ಸೂಚನೆ ನೋಡಿಕೊಳ್ಳಿ, ಲೆಬನಾನ್ ಗಡಿ ಇಲ್ಲಿಂದ ದೂರವಿಲ್ಲ. ವೀಸಾ ಮೊದಲೇ ಆಗಿರಬೇಕು. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಒಂದು ಚೀಟಿ ಕೊಡುತ್ತಾರೆ, ಕಳೆದುಕೊಳ್ಳಬೇಡಿ.

ಉಳಿಯೋದಕ್ಕೆ ಸರೋವರದ ದಂಡೆಯಲ್ಲೇ ಇರುವ ತಿಬೇರಿಯ ಊರು ಅನುಕೂಲ. ಅಲ್ಲಿಂದ ಉತ್ತರಕ್ಕೆ ಹೋಗುವ ಬಸ್‌ಗಳು ಮಗ್ದಲ, ಗಿನೋಸಾರ್ ದಾಟಿಕೊಂಡೇ ಹೋಗುತ್ತವೆ. ಆದರೆ ಶುಕ್ರವಾರ ಮಧ್ಯಾಹ್ನದ ಮೇಲೆ ಶನಿವಾರ ಸಂಜೆವರೆಗೆ ಸಬ್ಬತ್, ಅಂದರೆ ಯೆಹೂದ್ಯರ ವಾರದ ವಿಶ್ರಾಂತಿ ದಿನ, ಬಸ್ ಇರೋದಿಲ್ಲ ಅಂತಲೇ ಇಟ್ಟುಕೊಳ್ಳಿ. ಆ ಹೊತ್ತನ್ನು ನಜರೇತಿನಲ್ಲಿ ಕಳೆಯಿರಿ. ಅದು ಅರಬ್ಬರ ಊರು, ಶನಿವಾರವೂ ಅಂಗಡಿ ತೆರೆದಿರುತ್ತವೆ. ಭಾನುವಾರ ಮಾತ್ರ ಹಲವು ಬಾಗಿಲು ಹಾಕಿರುತ್ತವೆ.

ಮೊದಲ ದಿನ ಬೆಳಿಗ್ಗೆಯೇ ಗುಡ್ಡದ ಪ್ರಸಂಗದ, ಅಂದರೆ ಯೇಸು ಗುಡ್ಡದ ಮೇಲೆ ಮಾಡಿದ ಬೋಧನೆಯ ನೆನಪಿನ ಚರ್ಚಿಗೆ ಹೋಗಿ. 1938ರಲ್ಲಿ ಕಟ್ಟಿದ್ದು, ಆ ಬೋಧನೆಯಲ್ಲಿ ಇಂಥವರು 'ಧನ್ಯರು' ಎಂದು ಹೇಳಿದ ಎಂಟು ಮಾತುಗಳಿಗೆ ಎಂಟು ಮೂಲೆ. ಮಧ್ಯಾಹ್ನ ಊಟದ ಹೊತ್ತಿಗೆ ಮುಚ್ಚುತ್ತಾರೆ. ಅಲ್ಲಿಂದ ಕಾಲುದಾರಿಯಲ್ಲಿ ಕೆಳಗಿಳಿದರೆ ತಬ್ಗಾ, ಐದು ರೊಟ್ಟಿ ಎರಡು ಮೀನಿನಲ್ಲಿ ಯೇಸು ಸಾವಿರಾರು ಜನರಿಗೆ ಉಣಿಸಿದ ಅದ್ಭುತದ ನೆನಪಿನ ಚರ್ಚು. ಬಲಿಪೀಠದ ಹತ್ತಿರ ನೆಲದಲ್ಲಿ ಐದನೇ ಶತಮಾನದ ಮೊಸಾಯಿಕ್ ಇದೆ: ನಡುವೆ ಬುಟ್ಟಿ, ಆಚೀಚೆ ಒಂದೊಂದು ಮೀನು. ಜೊತೆಗಿದ್ದ ದೊಡ್ಡಮ್ಮ ಬಗ್ಗಿ ಎಣಿಸಿ, "ಐದು ಅಲ್ವಾ? ಇಲ್ಲಿ ನಾಲ್ಕೇ ಇದೆಯಲ್ಲೋ" ಅಂದರು. ಹೌದು, ಬುಟ್ಟಿಯಲ್ಲಿ ಕಾಣೋದು ನಾಲ್ಕೇ ರೊಟ್ಟಿ. ಐದನೆಯದು ಪೂಜೆಯಲ್ಲಿ ಬಲಿಪೀಠದ ಮೇಲಿಡುವ ರೊಟ್ಟಿಯೇ ಅಂತ ಗೈಡ್‌ಗಳು ಹೇಳುತ್ತಾರೆ.

ತಬ್ಗಾದಿಂದ ಕಪೆರ್ನೌಮಿಗೆ ದಂಡೆಗುಂಟ ಒಳ್ಳೆ ಕಾಲುದಾರಿ ಇದೆ, ಸುಮಾರು ಮೂರು ಕಿ.ಮೀ. ದಯವಿಟ್ಟು ನಡೆದೇ ಹೋಗಿ. ಸುವಾರ್ತೆಯಲ್ಲಿ ಓದಿದ ಊರುಗಳು ಒಂದಕ್ಕೊಂದು ಎಷ್ಟು ಹತ್ತಿರ ಅನ್ನೋದು ಬಸ್ಸಿನಲ್ಲಿ ಕೂತರೆ ಗೊತ್ತಾಗುವುದಿಲ್ಲ.

ಕಪೆರ್ನೌಮಿಗೇ ಜಾಸ್ತಿ ಸಮಯ ಕೊಡಿ. ನಜರೇತ್ ಬಿಟ್ಟ ಮೇಲೆ ಯೇಸು ನೆಲೆಸಿದ್ದು ಇಲ್ಲಿ. ಯೆಹೂದ್ಯರ ಸುಣ್ಣಕಲ್ಲಿನ ಬಿಳಿ ಸಭಾಮಂದಿರ ಅವನ ಕಾಲದ್ದಲ್ಲ, ಕೆಲವು ಶತಮಾನ ಈಚಿನದು. ಅದರ ಬುಡದಲ್ಲಿ ಕಪ್ಪು ಕಲ್ಲಿನ ಅಡಿಪಾಯ ಕಾಣುತ್ತದೆ, ಅದು ಇನ್ನೂ ಹಳೆಯದು. ಎದುರಿಗೆ ಯೇಸುವಿನ ಶಿಷ್ಯ ಪೇತ್ರನ ಮನೆ ಎಂದು ನಂಬುವ ಜಾಗ. ಅದರ ಮೇಲೆಯೇ 1990ರಲ್ಲಿ ಹೊಸ ಚರ್ಚು ಕಟ್ಟಿ, ನಡುವೆ ಗಾಜು ಹಾಕಿದ್ದಾರೆ, ಬಗ್ಗಿದರೆ ಕೆಳಗಿನ ಗೋಡೆಗಳು ಕಾಣುತ್ತವೆ. ಆ ಕಾಲದ ಮನೆಗಳಿಗೆ ತೊಲೆ, ಕಡ್ಡಿ, ಮಣ್ಣಿನ ಚಾವಣಿ ಇತ್ತಂತೆ, ನಮ್ಮ ಬಯಲುಸೀಮೆಯ ಮಣ್ಣಿನ ಮಾಳಿಗೆ ಥರ. ಪಾರ್ಶ್ವವಾಯು ರೋಗಿಯನ್ನು ಚಾವಣಿ ಬಿಚ್ಚಿ ಯೇಸುವಿನ ಮುಂದೆ ಕೆಳಗಿಳಿಸಿದರು ಎಂದು ಮಾರ್ಕನು ಸುವಾರ್ತೆಯಲ್ಲಿ ಬರೆದದ್ದು ಇಲ್ಲಿ ನಿಂತಾಗ ಸುಲಭವಾಗಿ ಅರ್ಥವಾಯಿತು. ಚಡ್ಡಿ, ತೋಳಿಲ್ಲದ ಬಟ್ಟೆ ಹಾಕಿದವರನ್ನು ಒಳಗೆ ಬಿಡುವುದಿಲ್ಲ.

ಎರಡನೇ ದಿನ ಗಿನೋಸಾರ್. 1986ರಲ್ಲಿ ಬರ ಬಂದು ನೀರು ಇಳಿದಾಗ ಕೆಸರಲ್ಲಿ ಸಿಕ್ಕ, ಎಂಟು ಮೀಟರಿಗಿಂತ ಸ್ವಲ್ಪ ಉದ್ದದ ಹಳೇ ದೋಣಿ ಅಲ್ಲಿನ ಮ್ಯೂಸಿಯಮ್ಮಿನಲ್ಲಿದೆ. ಯೇಸುವಿನ ಕಾಲದ್ದೇ, ಆದರೆ ಅವನು ಹತ್ತಿದ್ದ ದೋಣಿ ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ. ದೋಣಿ ವಿಹಾರ ಗುಂಪುಗಳಿಗೆ ಮಾತ್ರ ಸಲೀಸು. ಒಂಟಿಯಾಗಿ ಹೋದವರು ಯಾವುದಾದರೂ ಗುಂಪಿನ ಜೊತೆ ಸೇರಿಸಿಕೊಳ್ಳಿ ಎಂದು ಕೇಳಿನೋಡಿ.

ಊಟದಲ್ಲಿ 'ಪೇತ್ರನ ಮೀನು' ಎಂದು ಇಡಿಯಾಗಿ ಹುರಿದು ಕೊಡುವುದು ತಿಲಾಪಿಯಾ, ನಮ್ಮ ಜಿಲೇಬಿ ಮೀನಿನ ಜಾತಿಯದೇ. ದುಬಾರಿ. ಫಲಾಫೆಲ್, ಹಮ್ಮುಸ್ ಹೊಟ್ಟೆ ತುಂಬಿಸುತ್ತವೆ, ಸಸ್ಯಾಹಾರಿಗಳಿಗೂ ಚಿಂತೆಯಿಲ್ಲ.

ಇನ್ನು ನದಿಯಲ್ಲಿ ಮುಳುಗೇಳುವ ದೀಕ್ಷಾಸ್ನಾನ. ಸರೋವರದಿಂದ ಯೊರ್ದಾನ್ ನದಿ ಹೊರಡುವಲ್ಲಿ ಯಾರ್ದೆನಿತ್ ಎಂಬ ಜಾಗ ಇದೆ. ಯೇಸು ದೀಕ್ಷಾಸ್ನಾನ ಪಡೆದ ಸ್ಥಳ ಎಂದು ಪರಂಪರೆ ಹೇಳುವುದು ಇದನ್ನಲ್ಲ, ದಕ್ಷಿಣದಲ್ಲಿ ಯೆರಿಕೋ ಹತ್ತಿರದ ದಡವನ್ನು. ನೀವು ಆ ಕಡೆಗೂ ಹೋಗುವವರಾದರೆ ನೀರಿಗಿಳಿಯಲು ಹಾಕಿಕೊಳ್ಳುವ ಬಿಳಿ ಅಂಗಿಯ ಬಾಡಿಗೆಯನ್ನು ಅಲ್ಲೇ ಕೊಡಿ.