ಹಾರ್ಮೋನ್ ಮಾತ್ರೆ, ಹಾರ್ಟ್ ಅಟ್ಯಾಕ್, ಮತ್ತೆ "ಇದರಿಂದಲೇ ಅದು" ಅಂತ ಹೇಳೋದು ಹೇಗೆ

ಆರೋಗ್ಯದ ಬಗ್ಗೆ ಯಾವುದಾದ್ರೂ ಸ್ಟಡಿ ಸುದ್ದಿ ಬಂದ್ರೆ ಸಾಕು, ಕೆಳಗೆ ಯಾರಾದ್ರೂ ಒಬ್ರು "ಕೋರಿಲೇಷನ್ ಅಂದ್ರೆ ಕಾಸೇಷನ್ ಅಲ್ಲ" ಅಂತ ಬರೆದಿರ್ತಾರೆ, ಮಾತು ಅಲ್ಲಿಗೆ ಮುಗೀತು. ಮಾತೇನೋ ಸರಿನೇ, ಎರಡು ವಿಷಯ ಜೊತೆಜೊತೆಗೆ ಕಂಡ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯ್ತು ಅನ್ನಕ್ಕಾಗಲ್ಲ. ನನಗೆ ಬೇಜಾರಾಗೋದು ಅಷ್ಟಕ್ಕೇ ನಿಲ್ಲಿಸಿಬಿಡೋದು ನೋಡಿ. ಸಿಗರೇಟಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತೆ ಅಂತ ಇವತ್ತು ಚಿಕ್ಕ ಮಕ್ಕಳಿಗೂ ಗೊತ್ತು, ಆದ್ರೆ ಅದನ್ನ ಯಾರೂ ಅರ್ಧ ಜನಕ್ಕೆ ಸಿಗರೇಟು ಹಂಚಿ ಇನ್ನರ್ಧ ಜನಕ್ಕೆ ಕೊಡದೆ ಟ್ರಯಲ್ ಮಾಡಿ ಕಂಡುಹಿಡಿದಿದ್ದಲ್ಲ. ಜನ ತಮ್ಮ ಪಾಡಿಗೆ ಬದುಕ್ತಿರೋದನ್ನ ಗಮನಿಸಿ, ಲೆಕ್ಕ ಇಟ್ಟು, ವಾದ ಮಾಡಿ ತಲುಪಿದ ತೀರ್ಮಾನ ಅದು. ಅಂದ್ರೆ ದಾರಿ ಇದೆ. ಆ ದಾರಿ ಹೆಂಗಿರುತ್ತೆ, ಎಲ್ಲೆಲ್ಲಿ ಎಡವಬಹುದು ಅನ್ನೋದಕ್ಕೆ ನನ್ನ ಪ್ರಕಾರ ಹಾರ್ಮೋನ್ ಮಾತ್ರೆ ಕಥೆಗಿಂತ ಒಳ್ಳೆ ಪಾಠ ಇನ್ನೊಂದಿಲ್ಲ.

ಕಥೆ ಅಮೆರಿಕದ್ದು. ಮುಟ್ಟು ನಿಂತ ಮೇಲೆ ಮೈಯಲ್ಲಿ ಇದ್ದಕ್ಕಿದ್ದಂತೆ ಬಿಸಿ ಹತ್ತೋದು, ರಾತ್ರಿ ಬೆವರು, ನಿದ್ದೆ ಬರದೇ ಇರೋದು ಇದೆಲ್ಲ ಇರುತ್ತಲ್ಲ, ಅದಕ್ಕೆ ಅಂತ 1942ರಿಂದಲೇ ಅಲ್ಲಿ ಪ್ರೆಮರಿನ್ ಅನ್ನೋ ಈಸ್ಟ್ರೋಜನ್ (ಹೆಣ್ಣು ಹಾರ್ಮೋನ್) ಮಾತ್ರೆ ಸಿಗ್ತಿತ್ತು, ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದಿದ್ದು. ಆಮೇಲಾಮೇಲೆ ಇನ್ನೊಂದು ಯೋಚನೆ ಬಂತು. ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಜಾಸ್ತಿ ಆಗೋದು ಮುಟ್ಟು ನಿಂತ ಮೇಲೆ, ಈಸ್ಟ್ರೋಜನ್ ಕೊಟ್ರೆ ಕೆಟ್ಟ ಕೊಲೆಸ್ಟ್ರಾಲ್ ಇಳಿಯುತ್ತೆ, ಒಳ್ಳೇದು ಅನ್ನೋ ಎಚ್‌ಡಿಎಲ್ ಏರುತ್ತೆ, ಹಂಗಾದ್ರೆ ಹೃದಯಕ್ಕೂ ಒಳ್ಳೇದೇ ಇರಬೇಕಲ್ವಾ? ಇದಕ್ಕೆ ಬಲ ಕೊಟ್ಟಿದ್ದು ನರ್ಸಸ್ ಹೆಲ್ತ್ ಸ್ಟಡಿ. 1976ರಲ್ಲಿ ಶುರುವಾಗಿದ್ದು, 30ರಿಂದ 55 ವಯಸ್ಸಿನ 1,21,700 ನರ್ಸ್‌ಗಳಿಗೆ ಎರಡೆರಡು ವರ್ಷಕ್ಕೊಮ್ಮೆ ಪೋಸ್ಟಲ್ಲಿ ಪ್ರಶ್ನೆಪತ್ರಿಕೆ, ಏನು ಮಾತ್ರೆ ತಗೋತೀರ, ಏನು ಕಾಯಿಲೆ ಬಂತು, ಎಲ್ಲಾ. 1991ರಲ್ಲಿ ಅವರು ಹತ್ತು ವರ್ಷದ ಲೆಕ್ಕ ಹಾಕಿ ಹೇಳಿದ್ದು, ಈಗ ಹಾರ್ಮೋನ್ ತಗೋತಿರೋರಿಗೆ ಹಾರ್ಟ್ ಅಟ್ಯಾಕ್ ರಿಸ್ಕ್ ತಗೊಳ್ಳದವರ 0.56 ಪಟ್ಟು, ಅಂದ್ರೆ ಹತ್ರಹತ್ರ ಅರ್ಧ. ಡಾಕ್ಟರ್‌ಗಳು ಕೋಟ್ಯಂತರ ಚೀಟಿ ಬರೆದರು.

2002ರ ಜುಲೈನಲ್ಲಿ ಇದೆಲ್ಲ ಉಲ್ಟಾ ಆಯ್ತು. ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅಂತ ದೊಡ್ಡ ಟ್ರಯಲ್, 50ರಿಂದ 79 ವಯಸ್ಸಿನ 16,608 ಹೆಂಗಸರು, ಯಾರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ ಅನ್ನೋ ಇನ್ನೊಂದು ಹಾರ್ಮೋನ್ ಇರೋ ಮಾತ್ರೆ, ಯಾರಿಗೆ ಖಾಲಿ ಮಾತ್ರೆ ಅನ್ನೋದು ಲಾಟರಿ ಎತ್ತಿದಂಗೆ ನಿರ್ಧಾರ. ಎಂಟೂವರೆ ವರ್ಷ ನಡೀಬೇಕಿತ್ತು, ಸರಾಸರಿ 5.2 ವರ್ಷಕ್ಕೇ ನಿಲ್ಲಿಸಿದರು. ಹಾರ್ಮೋನ್ ಗುಂಪಲ್ಲಿ ಹೃದಯದ ಕಾಯಿಲೆ 1.29 ಪಟ್ಟು, ಸ್ತನ ಕ್ಯಾನ್ಸರ್ 1.26, ಸ್ಟ್ರೋಕ್ 1.41. ಕಾಪಾಡುತ್ತೆ ಅಂದಿದ್ದು ಕಾಪಾಡಲಿಲ್ಲ. (ಪಟ್ಟು ಕೇಳಿ ಗಾಬರಿ ಆಗೋ ಮುಂಚೆ ಇದನ್ನೂ ನೋಡಿ, 10,000 ಹೆಂಗಸರು ಒಂದು ವರ್ಷ ತಗೊಂಡ್ರೆ ಹೃದಯದ ಕೇಸು 7 ಹೆಚ್ಚು, ಸ್ತನ ಕ್ಯಾನ್ಸರ್ 8 ಹೆಚ್ಚು, ಸೊಂಟದ ಮೂಳೆ ಮುರಿಯೋದು 5 ಕಡಿಮೆ. ಇದನ್ನ ಹೆಡ್‌ಲೈನಲ್ಲಿ ಹಾಕಿದ್ರೆ ಎಷ್ಟೋ ಹೆಂಗಸರ ನಿದ್ದೆ ಉಳೀತಿತ್ತು.)

ಆಗ ಬಹಳ ಜನ ತೆಗೆದ ನೀತಿ ಏನಂದ್ರೆ, ನೋಡಿ, ಗಮನಿಸೋ ಸ್ಟಡಿಗಳನ್ನ ನಂಬಲೇಬಾರದು, ಟ್ರಯಲ್ ಒಂದೇ ಸತ್ಯ. ನನಗೆ ಇದು ಒಪ್ಪಿಗೆ ಇಲ್ಲ, ಯಾಕೆ ಅಂತ ಹೇಳಕ್ಕೇ ಈ ಪೋಸ್ಟ್.

ಮೊದಲು ಎಲ್ಲರಿಗೂ ಹೊಳೆಯೋ ವಿವರಣೆ ತಗೊಳಣ. ಹಾರ್ಮೋನ್ ಮಾತ್ರೆ ತಗೋತಿದ್ದ ಹೆಂಗಸರು ಯಾರು? ದುಡ್ಡಿರೋರು, ಓದಿರೋರು, ಡಾಕ್ಟರ ಹತ್ರ ಪದೇಪದೇ ಹೋಗೋರು, ವಾಕಿಂಗ್ ಮಾಡೋರು. ಅವರಿಗೆ ಹಾರ್ಟ್ ಅಟ್ಯಾಕ್ ಕಡಿಮೆ ಆಗಿದ್ದು ಮಾತ್ರೆಯಿಂದಲೋ ಬದುಕಿನ ರೀತಿಯಿಂದಲೋ ಬೇರೆ ಮಾಡೋದು ಹೆಂಗೆ. ಇದನ್ನೇ ಕನ್‌ಫೌಂಡಿಂಗ್ ಅನ್ನೋದು. ಇದನ್ನ ಹಿಡಿಯಕ್ಕೆ ಒಂದು ಉಪಾಯ ಇದೆ, ನನಗೆ ಬಹಳ ಇಷ್ಟವಾದ್ದು. ಮಾತ್ರೆಗೂ ಅದಕ್ಕೂ ಸಂಬಂಧವೇ ಇರಕ್ಕೆ ಸಾಧ್ಯವಿಲ್ಲ ಅನ್ನೋ ಒಂದು ಫಲಿತಾಂಶ ತಗೊಂಡು ಅದನ್ನೂ ಲೆಕ್ಕ ಹಾಕಿ ನೋಡೋದು. ಕ್ಯಾಲಿಫೋರ್ನಿಯಾದ ವಾಲ್ನಟ್ ಕ್ರೀಕ್ ಸ್ಟಡಿಯವರು 80ರ ದಶಕದಲ್ಲೇ ಹಾಗೆ ನೋಡಿದಾಗ ಈಸ್ಟ್ರೋಜನ್ ತಗೋತಿದ್ದವರಲ್ಲಿ ಅಪಘಾತ, ಆತ್ಮಹತ್ಯೆ, ಕೊಲೆಯಿಂದ ಸತ್ತವರೂ ಕಡಿಮೆ ಇದ್ರು! ಈಸ್ಟ್ರೋಜನ್ ಯಾರನ್ನೂ ಕೊಲೆಯಿಂದ ಕಾಪಾಡಲ್ಲ. ಅಂದ್ರೆ ಎರಡೂ ಗುಂಪು ಮೊದಲಿಂದಲೇ ಬೇರೆ ಬೇರೆ ಥರದ ಜನ ಅನ್ನೋದು ಅಲ್ಲೇ ಬರೆದಿಟ್ಟಂಗಿತ್ತು, ಆ ದೊಡ್ಡ ಟ್ರಯಲಿಗಿಂತ ಹದಿನೈದು ವರ್ಷ ಮುಂಚೆನೇ.

ಇದಕ್ಕೆ ಜೊತೆಯಾಗಿ 1980ರ ಕೊರೊನರಿ ಡ್ರಗ್ ಪ್ರಾಜೆಕ್ಟ್ ನೋಡಿ. ಗಂಡಸರಲ್ಲಿ ಕೊಲೆಸ್ಟ್ರಾಲ್ ಔಷಧಿಯ ಟ್ರಯಲ್ ಅದು. ಖಾಲಿ ಮಾತ್ರೆ ಕೊಟ್ಟ ಗುಂಪಲ್ಲಿ, ಮಾತ್ರೆನ ಸರಿಯಾಗಿ ತಪ್ಪದೆ ನುಂಗಿದವರು ಐದು ವರ್ಷದಲ್ಲಿ 15.1% ಸತ್ತರೆ, ಅಡ್ಡಾದಿಡ್ಡಿ ತಗೊಂಡವರು ಸುಮಾರು 28%. ಎರಡೂ ಕಡೆ ನುಂಗಿದ್ದು ಏನೂ ಇಲ್ಲದ ಮಾತ್ರೆ. ತಪ್ಪದೆ ಮಾತ್ರೆ ತಗೊಳ್ಳೋ ಮನುಷ್ಯ ಅನ್ನೋದೇ ಒಂದು ದೊಡ್ಡ ಗುಣ, ಅದಕ್ಕೆ ವಯಸ್ಸು, ಬಿಪಿ, ಸಿಗರೇಟು ಥರ ಒಂದು ಕಾಲಮ್ ನಮ್ಮ ಡೇಟಾದಲ್ಲಿ ಇರಲ್ಲ. ಅಳೆದ ವಿಷಯಗಳನ್ನ ಅಡ್ಜಸ್ಟ್ ಮಾಡಬಹುದು, ಅಂದ್ರೆ ಅವುಗಳ ಪ್ರಭಾವನ ಲೆಕ್ಕದಲ್ಲಿ ಕಳೆದುಬಿಡಬಹುದು, ಅಳೆಯದೇ ಇರೋದನ್ನ ಏನು ಮಾಡೋದು.

ಆದ್ರೆ ಇಷ್ಟಕ್ಕೇ ಮುಗಿದಿದ್ರೆ ನಾನು ಬರೀತಾ ಇರ್ಲಿಲ್ಲ. ಯಾಕಂದ್ರೆ ನರ್ಸಸ್ ಸ್ಟಡಿಯಲ್ಲಿ ಎಲ್ಲರೂ ನರ್ಸ್‌ಗಳೇ, ಓದು ಕೆಲಸ ತಿಳುವಳಿಕೆ ಹೆಚ್ಚುಕಮ್ಮಿ ಒಂದೇ. ಅಲ್ಲಿ ಇನ್ನೊಂದು ತೊಂದರೆ ಇತ್ತು, ಯಾರೂ ಅಷ್ಟಾಗಿ ನೋಡದ ತೊಂದರೆ. ಅದು ಗಡಿಯಾರ ಯಾವಾಗ ಶುರು ಮಾಡೋದು ಅನ್ನೋದು.

ಟ್ರಯಲಲ್ಲಿ ಎಲ್ಲರಿಗೂ ಲೆಕ್ಕ ಶುರುವಾಗೋದು ಮಾತ್ರೆ ಶುರು ಮಾಡಿದ ದಿನ. ನರ್ಸಸ್ ಸ್ಟಡಿಯ ಹಳೇ ಲೆಕ್ಕದಲ್ಲಿ ಹೋಲಿಸಿದ್ದು "ಈಗ ತಗೋತಿರೋರು" ಮತ್ತೆ "ಯಾವತ್ತೂ ತಗೊಳ್ಳದವರು". ಈಗ ತಗೋತಿರೋರಲ್ಲಿ ಐದು ವರ್ಷದಿಂದ, ಎಂಟು ವರ್ಷದಿಂದ ತಗೋತಾ ಇರೋರೂ ಸೇರಿದ್ದಾರೆ. ಮಾತ್ರೆ ಶುರು ಮಾಡಿದ ಮೊದಲ ವರ್ಷವೇ ಹಾರ್ಟ್ ಅಟ್ಯಾಕ್ ಆದವರು ಆ ಗುಂಪಿಗೆ ಬರೋದೇ ಕಷ್ಟ, ಮಾತ್ರೆ ಆಗದೆ ಬಿಟ್ಟವರೂ ಹೊರಗೆ. ಉಳಿದಿರೋರು ಮಾತ್ರೆನ ತಡ್ಕೊಂಡವರು. ಅವರನ್ನಿಟ್ಟುಕೊಂಡು ಮಾತ್ರೆ ಒಳ್ಳೇದು ಅಂದ್ರೆ ಹೆಂಗೆ. ಅದರಲ್ಲೂ ಈ ಮಾತ್ರೆಯಿಂದ ಅಪಾಯ ಇದ್ದಿದ್ದೇ ಶುರುವಿನಲ್ಲಿ, ಆ ದೊಡ್ಡ ಟ್ರಯಲಲ್ಲಿ ಮೊದಲ ವರ್ಷದ ರಿಸ್ಕ್ 1.81 ಪಟ್ಟು ಇತ್ತು.

2008ರಲ್ಲಿ ಮಿಗೆಲ್ ಎರ್ನಾನ್ ಮತ್ತೆ ಅವರ ಜೊತೆಯವರು ಹಾರ್ವರ್ಡಲ್ಲಿ ಮಾಡಿದ ಕೆಲಸ ನನಗೆ ಇವತ್ತಿಗೂ ರೋಮಾಂಚನ ತರುತ್ತೆ. ಅದೇ ನರ್ಸ್‌ಗಳು, ಅದೇ ಡೇಟಾ. ಅವರು ಕೇಳಿದ ಪ್ರಶ್ನೆ ಬೇರೆ: ಇದೇ ನರ್ಸ್‌ಗಳ ಮೇಲೆ ಟ್ರಯಲ್ ಮಾಡಿದ್ರೆ ಅದು ಹೆಂಗಿರ್ತಿತ್ತು? ಪ್ರತಿ ಎರಡು ವರ್ಷದ ಪ್ರಶ್ನೆಪತ್ರಿಕೆಯನ್ನ ಒಂದೊಂದು ಹೊಸ ಟ್ರಯಲ್ ಅಂತ ಇಟ್ಕೊಂಡರು. ಹಿಂದಿನ ಎರಡು ವರ್ಷ ಹಾರ್ಮೋನ್ ಮುಟ್ಟದೇ ಇದ್ದ, ಹೃದಯದ ಕಾಯಿಲೆ ಇಲ್ಲದ ಹೆಂಗಸರನ್ನ ಮಾತ್ರ ತಗೊಂಡು, ಅವರಲ್ಲಿ ಈಗ ಶುರು ಮಾಡಿದವರು ಒಂದು ಕಡೆ, ಶುರು ಮಾಡದವರು ಇನ್ನೊಂದು ಕಡೆ, ಆಮೇಲೆ ಯಾರು ಬಿಟ್ಟರು ಯಾರು ಮುಂದುವರಿಸಿದರು ಅನ್ನೋದನ್ನ ಗಣಿಸದೆ ಅಲ್ಲಿಂದಲೇ ಲೆಕ್ಕ. ಹಂಗೆ ಮಾಡಿದಾಗ ಮೊದಲ ಎರಡು ವರ್ಷದ ರಿಸ್ಕ್ 1.42 ಪಟ್ಟು ಬಂತು, ಇಡೀ ಅವಧಿಗೆ 0.96. ಅಂದ್ರೆ 0.56 ಅನ್ನೋ ಆ ದೊಡ್ಡ ಕಾಪಾಡುವಿಕೆ ಮಾಯ! 1.42ರ ಸುತ್ತ ಅನಿಶ್ಚಿತತೆ ಇತ್ತು ನಿಜ, ಅಸಲಿ ಸಂಖ್ಯೆ 0.92ರಿಂದ 2.20ವರೆಗೆ ಎಲ್ಲಾದ್ರೂ ಇರಬಹುದಿತ್ತು, ಆದ್ರೂ ದಿಕ್ಕು ಟ್ರಯಲ್ ಹೇಳಿದ ದಿಕ್ಕೇ. ಮುಟ್ಟು ನಿಂತು ಹತ್ತು ವರ್ಷದ ಒಳಗಿನವರಲ್ಲಿ 0.84, ಆಮೇಲಿನವರಲ್ಲಿ 1.12. ಟ್ರಯಲಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63, ನರ್ಸ್‌ಗಳು ಶುರು ಮಾಡ್ತಿದ್ದಿದ್ದು ಮುಟ್ಟು ನಿಂತ ಹೊಸದರಲ್ಲಿ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡ್ತಿದ್ದರು, ನಾವು ಒಂದೇ ಪ್ರಶ್ನೆ ಅಂದ್ಕೊಂಡಿದ್ವಿ.

ಇದಕ್ಕೆ ಈಗ ಟಾರ್ಗೆಟ್ ಟ್ರಯಲ್ ಅಂತಾರೆ. ಯಾವ ಸ್ಟಡಿ ಓದಿದ್ರೂ ನಾನು ಮೊದಲು ಮಾಡೋದು ಇದನ್ನೇ. ಇದು ಟ್ರಯಲ್ ಆಗಿದ್ರೆ ಯಾರನ್ನ ಸೇರಿಸ್ಕೋತಿದ್ರು, ಯಾವುದನ್ನ ಯಾವುದರ ಜೊತೆ ಹೋಲಿಸ್ತಿದ್ರು, ಗಡಿಯಾರ ಯಾವತ್ತು ಶುರು ಆಗ್ತಿತ್ತು? ಮೂರಕ್ಕೂ ಉತ್ತರ ಸಿಗದಿದ್ರೆ ಮುಂದಿನ ಎಷ್ಟು ದೊಡ್ಡ ಲೆಕ್ಕವೂ ಆ ಸ್ಟಡಿನ ಉಳಿಸಲ್ಲ.

"ಎಲ್ಲಾ ಫ್ಯಾಕ್ಟರ್ ಅಡ್ಜಸ್ಟ್ ಮಾಡಿದೀವಿ" ಅನ್ನೋ ಮಾತಿನ ಬಗ್ಗೆಯೂ ಹೇಳಬೇಕು, ಯಾಕಂದ್ರೆ ಅದನ್ನ ಕೇಳಿದ ಕೂಡಲೇ ಜನಕ್ಕೆ ಸಮಾಧಾನ ಆಗಿಬಿಡುತ್ತೆ. ಎಲ್ಲಾ ಅಡ್ಜಸ್ಟ್ ಮಾಡೋದೇ ತಪ್ಪಾಗಬಹುದು. 1971ರಲ್ಲಿ ಯೆರುಶಾಲ್ಮಿ ಅನ್ನೋರು ಕ್ಯಾಲಿಫೋರ್ನಿಯಾದ ಹೆರಿಗೆ ದಾಖಲೆ ನೋಡಿ, ಕಡಿಮೆ ತೂಕದ ಮಕ್ಕಳಲ್ಲಿ ಸಿಗರೇಟು ಸೇದೋ ತಾಯಂದಿರ ಮಕ್ಕಳೇ ಸೇದದವರ ಮಕ್ಕಳಿಗಿಂತ ಹೆಚ್ಚು ಬದುಕ್ತಾರೆ ಅಂತ ತೋರಿಸಿದರು. ಹಂಗಂದ್ರೆ ಸಿಗರೇಟು ಒಳ್ಳೇದಾ? ಇಲ್ಲ. ಸೇದೋ ತಾಯಿಯ ಮಗುವಿನ ತೂಕ ಕಡಿಮೆ ಆಗಕ್ಕೆ ಸಿಗರೇಟೇ ಸಾಕು. ಸೇದದ ತಾಯಿಯ ಮಗು ಅಷ್ಟು ಕಡಿಮೆ ತೂಕ ಹುಟ್ಟಿದೆ ಅಂದ್ರೆ ಬೇರೆ ಏನೋ ಇದೆ, ಎಷ್ಟೋ ಸಲ ಹುಟ್ಟಿನ ದೋಷ ಥರದ ಇನ್ನೂ ಗಂಭೀರವಾದ್ದು. ಕಾರಣದಿಂದಲೇ ಹುಟ್ಟಿದ ಒಂದು ಫಲವನ್ನ ಹಿಡಿದು ಅದರೊಳಗೆ ಮಾತ್ರ ಹೋಲಿಸಿದ್ರೆ ಹೀಗೆ ತಲೆಕೆಳಗಾಗುತ್ತೆ. ಅದಕ್ಕೇ ಲೆಕ್ಕಕ್ಕೆ ಮುಂಚೆ ಪೇಪರ್ ಮೇಲೆ ಯಾವುದರಿಂದ ಯಾವುದು ಅಂತ ಬಾಣ ಬಾಣವಾಗಿ ಚಿತ್ರ ಬಿಡಿಸಿ, ಅಂತ ಹೇಳೋದು. ಯಾವುದನ್ನ ಅಡ್ಜಸ್ಟ್ ಮಾಡಬೇಕು ಅನ್ನೋದು ಚಿತ್ರದಿಂದ ಬರುತ್ತೆ, ಸಾಫ್ಟ್‌ವೇರಿಂದ ಬರಲ್ಲ.

ಟ್ರಯಲ್ ಮಾಡಕ್ಕೇ ಆಗದ ಕಡೆ ಏನು? ಸಿಗರೇಟಿಗೆ ವಾಪಸ್ ಬರ್ತೀನಿ. 1950ರಲ್ಲಿ ಡಾಲ್ ಮತ್ತು ಹಿಲ್ ಲಂಡನ್ನಿನ ಆಸ್ಪತ್ರೆಗಳಲ್ಲಿ 649 ಮಂದಿ ಶ್ವಾಸಕೋಶದ ಕ್ಯಾನ್ಸರಿನ ಗಂಡಸರನ್ನ ಕೇಳಿದಾಗ ಸಿಗರೇಟು ಸೇದದವರು ಬರೀ 2, ಬೇರೆ ಕಾಯಿಲೆಯ ಅಷ್ಟೇ ಮಂದಿಯಲ್ಲಿ 27. ಇದನ್ನ ವಿರೋಧಿಸಿದವರು ಸಾಮಾನ್ಯರಲ್ಲ, ರೊನಾಲ್ಡ್ ಫಿಶರ್, ಲಾಟರಿ ಎತ್ತಿ ಪ್ರಯೋಗ ಮಾಡೋ ವಿಧಾನಕ್ಕೆ ಅಡಿಪಾಯ ಹಾಕಿದವರೇ ಅವರು. ಸಿಗರೇಟಿನ ಆಸೆ ಹುಟ್ಟಿಸೋದೂ ಕ್ಯಾನ್ಸರ್ ತರೋದೂ ಒಂದೇ ಜೀನ್ ಇರಬಹುದಲ್ಲ ಅಂದರು. ಅದಕ್ಕೆ 1959ರಲ್ಲಿ ಜೆರೋಮ್ ಕಾರ್ನ್‌ಫೀಲ್ಡ್ ಮತ್ತಿತರರು ಕೊಟ್ಟ ಉತ್ತರ ಎಷ್ಟು ಚೆಂದ ಗೊತ್ತಾ: ಇರಬಹುದು, ಆದ್ರೆ ಸೇದೋರಿಗೆ ರಿಸ್ಕ್ 9 ಪಟ್ಟು ಇದೆ, ಪೂರ್ತಿ ಆ ಜೀನಿಂದಲೇ ಆಗಿದ್ದಾದ್ರೆ ಆ ಜೀನ್ ಸೇದೋರಲ್ಲಿ ಸೇದದವರಿಗಿಂತ ಕನಿಷ್ಠ 9 ಪಟ್ಟು ಜನರಲ್ಲಿ ಇರಬೇಕು, ಅಂಥದ್ದು ಎಲ್ಲಿದೆ ತೋರಿಸಿ. "ಬೇರೆ ಏನೋ ಇರಬಹುದು" ಅನ್ನೋರ ಮೇಲೆ "ಅದು ಎಷ್ಟು ದೊಡ್ಡದಿರಬೇಕು" ಅನ್ನೋ ಭಾರ ಹಾಕಿದರು. ಇದೇ ಅಳತೆ ಹಾರ್ಮೋನಿಗೆ ಹಚ್ಚಿ ನೋಡಿ. 0.56ನ ತಿರುವಿ ಹಾಕಿದ್ರೆ 1.8 ಪಟ್ಟು ಆಗುತ್ತೆ, ಅಷ್ಟನ್ನ ವಿವರಿಸಕ್ಕೆ ದೊಡ್ಡ ಕಾಣದ ಕಾರಣವೇನೂ ಬೇಕಿಲ್ಲ, ಬದುಕಿನ ರೀತಿಯಲ್ಲಿ ಸಣ್ಣಪುಟ್ಟ ವ್ಯತ್ಯಾಸ ಎರಡು ಮೂರು ಸೇರಿದ್ರೆ ಸಾಕು.

ಬ್ರಾಡ್‌ಫರ್ಡ್ ಹಿಲ್ (ಡಾಲ್ ಜೊತೆಗಿದ್ದ ಅದೇ ಹಿಲ್), ಇದರಿಂದಲೇ ಅದು ಅನ್ನೋ ಮುಂಚೆ ನೋಡಬೇಕಾದ್ದು ಅಂತ 1965ರಲ್ಲಿ ಹೇಳಿದ ಒಂಬತ್ತು ಅಂಶಗಳನ್ನ ಎಲ್ಲಾ ಕಡೆ ಚೆಕ್‌ಲಿಸ್ಟ್ ಥರ ಪಾಠ ಮಾಡ್ತಾರೆ, ಟಿಕ್ ಹಾಕ್ತಾ ಹೋಗೋದಕ್ಕಲ್ಲ ಅಂತ ಅವರೇ ಸ್ಪಷ್ಟವಾಗಿ ಹೇಳಿದ್ರು. ಅದರಲ್ಲಿ ಒಂದು, ಜೈವಿಕವಾಗಿ ನಂಬೋ ಹಾಗಿದೆಯಾ ಅನ್ನೋದು. ಹಾರ್ಮೋನ್ ವಿಷಯದಲ್ಲಿ ಅದಕ್ಕೆ ಫುಲ್ ಮಾರ್ಕ್ಸ್ ಇತ್ತಲ್ಲ, ಎಚ್‌ಡಿಎಲ್ ಏರುತ್ತೆ ಅಂತ! 2012ರಲ್ಲಿ ಹುಟ್ಟಿನಿಂದಲೇ ಎಚ್‌ಡಿಎಲ್ ಜಾಸ್ತಿ ಮಾಡೋ ಒಂದು ಜೀನ್ ಇರೋರನ್ನ ನೋಡಿದ್ರು. ಆ ಜೀನ್ ಯಾರಿಗೆ ಬರುತ್ತೆ ಅನ್ನೋದು ಹುಟ್ಟೋವಾಗಿನ ಲಾಟರಿ, ದುಡ್ಡು ಓದು ವಾಕಿಂಗ್ ಯಾವುದೂ ಅಲ್ಲಿ ಕೈ ಹಾಕಲ್ಲ. ಅವರಿಗೆ ಹಾರ್ಟ್ ಅಟ್ಯಾಕ್ ಕಡಿಮೆ ಇರಲಿಲ್ಲ. ಎಚ್‌ಡಿಎಲ್ ಏರಿಸೋ ಟಾರ್ಸೆಟ್ರಪಿಬ್ ಅನ್ನೋ ಔಷಧಿಯ ಟ್ರಯಲನ್ನಂತೂ 2006ರಲ್ಲೇ ಸಾವು ಜಾಸ್ತಿ ಆಗ್ತಿದೆ ಅಂತ ನಿಲ್ಲಿಸಿದ್ರು.

ಈಗ ಹಾರ್ಮೋನ್ ಎಲ್ಲಿ ಬಂದು ನಿಂತಿದೆ ಅಂದ್ರೆ, ಬಿಸಿ, ಬೆವರು, ನಿದ್ದೆಗೆಟ್ಟು ಒದ್ದಾಡ್ತಿರೋರಿಗೆ, 60ರೊಳಗೆ ಅಥವಾ ಮುಟ್ಟು ನಿಂತು ಹತ್ತು ವರ್ಷದ ಒಳಗೆ ಇದ್ದು ಬೇರೆ ಅಡ್ಡಿ ಇಲ್ಲದಿದ್ರೆ ಡಾಕ್ಟರ್‌ಗಳು ಕೊಡ್ತಾರೆ, ಕೊಡೋದು ನ್ಯಾಯ ಕೂಡ. ಆದ್ರೆ ಹೃದಯ ಕಾಪಾಡಕ್ಕೆ ಅಂತ ಕೊಡಲ್ಲ. ಬೇಗ ಶುರು ಮಾಡಿದ್ರೆ ಹೃದಯಕ್ಕೆ ಒಳ್ಳೇದಾ ಅನ್ನೋ ಪ್ರಶ್ನೆ ಇನ್ನೂ ಪೂರ್ತಿ ತೀರಿಲ್ಲ. 2016ರ ಎಲೈಟ್ ಟ್ರಯಲಲ್ಲಿ 643 ಹೆಂಗಸರಲ್ಲಿ ಬೇಗ ಶುರು ಮಾಡಿದವರ ಕುತ್ತಿಗೆಯ ರಕ್ತನಾಳದ ಗೋಡೆ ದಪ್ಪ ಆಗೋದು ನಿಧಾನವಾಯ್ತು, ತಡವಾಗಿ ಶುರು ಮಾಡಿದವರಲ್ಲಿ ಹಂಗಾಗಲಿಲ್ಲ. ಆದ್ರೆ ನಾಳದ ಗೋಡೆ ಬೇರೆ, ಹಾರ್ಟ್ ಅಟ್ಯಾಕ್ ಬೇರೆ, ಎಚ್‌ಡಿಎಲ್ ನಂಬಿ ಒಂದ್ಸಲ ಆಗಿದ್ದು ಸಾಕು. ಐವತ್ತರ ಆಸುಪಾಸಿನ ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಆಗೋದೇ ಕಡಿಮೆ ಆದ್ದರಿಂದ ಅದನ್ನ ನೇರವಾಗಿ ನೋಡೋ ಟ್ರಯಲಿಗೆ ಅಪಾರ ಜನ, ಅಪಾರ ವರ್ಷ ಬೇಕು. ನಮ್ಮ ಹೆಂಗಸರಿಗೆ ಮುಟ್ಟು ನಿಲ್ಲೋದೇ ಅಮೆರಿಕದವರಿಗಿಂತ ಕೆಲವು ವರ್ಷ ಮುಂಚೆ, ಅಲ್ಲಿನ ಸಂಖ್ಯೆನ ಹಾಗೇ ಎತ್ತಿ ಇಲ್ಲಿಗೆ ಹಾಕಕ್ಕೂ ಆಗಲ್ಲ. ಹಾಗಾಗಿ ಉತ್ತರ ಬರೋದಾದ್ರೆ ಬಹುಶಃ ಆಸ್ಪತ್ರೆ ದಾಖಲೆಗಳಿಂದಲೇ, ಮಾತ್ರೆ ಶುರುವಾದ ದಿನದಿಂದ ಗಡಿಯಾರ ಓಡಿಸಿದ ಲೆಕ್ಕದಿಂದ. ಅದಕ್ಕೆ ನಮ್ಮ ಆಸ್ಪತ್ರೆಗಳಲ್ಲಿ ಯಾವ ಮಾತ್ರೆ ಯಾವತ್ತು ಶುರುವಾಯ್ತು, ಯಾವತ್ತು ನಿಲ್ತು ಅನ್ನೋ ತಾರೀಖು ಸರಿಯಾಗಿ ಬರೆದಿಡೋದು ಶುರುವಾಗಬೇಕು.